ಬೇತಾಳ ಕೇಳಿದ್ದು ಪದಗಳ ಅರ್ಥವನ್ನೇ

ಕೃಷ್ಣ ಚತುರ್ದಶಿಯ ಇರುಳು. ಸ್ಮಶಾನದ ಮರದ ಕೊಂಬೆಯಲ್ಲಿ ನೇತಾಡುವ ಶವವನ್ನು ಇಳಿಸಿ, ಹೆಗಲ ಮೇಲೆ ಹೊತ್ತು, ತುಟಿ ಬಿಚ್ಚದೆ ನಡೆಯುವ ರಾಜ. ದಾರಿಯ ಬೇಸರ ಕಳೆಯಲೆಂಬ ನೆಪದಲ್ಲಿ ಶವದೊಳಗಿನ ಬೇತಾಳ ಒಂದು ಕಥೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿಯುತ್ತದೆ, ಬೇತಾಳ ಮತ್ತೆ ಮರಕ್ಕೆ ಹಾರುತ್ತದೆ. ರಾಜ ಹಿಂದಿರುಗುತ್ತಾನೆ. ಕಥೆ ಮುಂದುವರಿಯುತ್ತದೆ.

ಕನ್ನಡಿಗರಲ್ಲಿ ಬಹುಪಾಲು ಮಂದಿ ಈ ಕಥೆಯನ್ನು ಬಾಲ್ಯದಲ್ಲೇ ಕೇಳಿದವರು. ಕೇಳಿದವರೆಲ್ಲ ಇದನ್ನು ದೆವ್ವದ ಕಥೆಯೆಂದೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಬೇತಾಳ ಕೇಳುವ ಪ್ರಶ್ನೆಗಳನ್ನು ಮಾತ್ರ ಬಿಡಿಸಿ ನೋಡಿದರೆ ಅಚ್ಚರಿಯ ಸಂಗತಿಯೊಂದು ಹೊರಬೀಳುತ್ತದೆ. ಅಲ್ಲಿ ಹೆದರಿಕೆಯ ಮಾತು ಕಡಿಮೆ. ಗಂಡ ಎಂದರೆ ಯಾರು, ತಂದೆ ಎಂದರೆ ಯಾರು, ಮಗ ಎಂದರೆ ಯಾರು ಎಂಬ ಪದಾರ್ಥದ ಜಿಜ್ಞಾಸೆಯೇ ಹೆಚ್ಚು.

ಬೇತಾಳ ಎಂಬ ಪದ

ಸಂಸ್ಕೃತದ ‘ವೇತಾಲ’ ಕನ್ನಡದಲ್ಲಿ ‘ಬೇತಾಳ’ವಾಯಿತು. ಪದಾದಿಯ ವಕಾರ ಬಕಾರವಾಗುವುದು ಕನ್ನಡಕ್ಕೆ ಹೊಸದಲ್ಲ. ‘ವನ’ ಬನವಾದದ್ದು, ‘ವೀಥಿ’ ಬೀದಿಯಾದದ್ದು, ‘ವಂಧ್ಯೆ’ ಬಂಜೆಯಾದದ್ದು ಇದೇ ದಾರಿಯಲ್ಲಿ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಬೇತಾಳ ಸತ್ತವನ ಆತ್ಮವಲ್ಲ. ಬೇರೊಬ್ಬರ ಶವವನ್ನು ಮನೆ ಮಾಡಿಕೊಂಡು ಅದರ ಬಾಯಿಯಿಂದ ಮಾತಾಡುವ ಸತ್ತ್ವ ಅದು. ಇಂದಿನ ಆಡುಮಾತಿನಲ್ಲಿ ದೆವ್ವ, ಭೂತ, ಪ್ರೇತ, ಪಿಶಾಚಿ, ಬೇತಾಳ ಎಲ್ಲವೂ ಒಂದೇ ಎಂಬಂತೆ ಬಳಕೆಯಾಗುತ್ತವೆ. ಹುಟ್ಟಿನಲ್ಲಿ ಅವು ಒಂದಲ್ಲ. ‘ಪ್ರೇತ’ ಎಂದರೆ ಮುಂದೆ ಹೋದವನು, ಅಂದರೆ ಈ ಲೋಕ ಬಿಟ್ಟು ನಡೆದವನು. ‘ಭೂತ’ ಎಂದರೆ ಆದದ್ದು, ಇದ್ದದ್ದು. ವ್ಯಾಕರಣದ ಭೂತಕಾಲ, ಪಂಚಭೂತ, ಸರ್ವಭೂತದಯೆ ಎಲ್ಲವೂ ಅದೇ ಧಾತುವಿನ ಸಂತಾನ. ‘ಪಿಶಾಚ’ಕ್ಕೆ ಹಸಿಮಾಂಸ ತಿನ್ನುವವನು ಎಂಬುದು ಸಾಂಪ್ರದಾಯಿಕ ವ್ಯುತ್ಪತ್ತಿ. ‘ದೆವ್ವ’ದ ಕಥೆಯಂತೂ ಎಲ್ಲಕ್ಕಿಂತ ವಿಚಿತ್ರ: ಅದು ‘ದೈವ’ ಶಬ್ದದ ತದ್ಭವ. ಒಂದೇ ಮೂಲದಿಂದ ಹೊರಟ ಎರಡು ರೂಪಗಳಲ್ಲಿ ಒಂದು ಗುಡಿ ಸೇರಿತು, ಇನ್ನೊಂದು ಹುಣಸೆಮರ ಏರಿತು. ‘ಗರ ಬಡಿದಂತೆ’ ಎನ್ನುವಾಗಿನ ‘ಗರ’ವೂ ಹಿಡಿದುಕೊಳ್ಳುವುದು ಎಂಬರ್ಥದ ‘ಗ್ರಹ’ದಿಂದ ಬಂದದ್ದು.

ಈ ಸೂಕ್ಷ್ಮ ಮರೆತರೆ ಆಗುವ ಹಾನಿ ಸಣ್ಣದಲ್ಲ. ತುಳುನಾಡಿನಲ್ಲಿ ಭೂತ ಎಂದರೆ ನಂಬಿದವರನ್ನು ಕಾಯುವ, ನ್ಯಾಯ ಹೇಳುವ ದೈವ. ಆದರೆ ಎ.ಸಿ. ಬರ್ನೆಲ್ ಸಂಗ್ರಹಿಸಿದ ಅಲ್ಲಿನ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾದಾಗ ಅವುಗಳಿಗೆ ಕೊಟ್ಟ ಶೀರ್ಷಿಕೆ ‘ತುಳುವರ ಡೆವಿಲ್ ಆರಾಧನೆ’ ಎಂಬರ್ಥದ್ದು. ಒಂದು ಪದದ ಅನುವಾದ ಒಂದು ಸಮುದಾಯದ ದೈವವನ್ನು ಸೈತಾನನ ಸಾಲಿಗೆ ನಿಲ್ಲಿಸಿತು. ಬೇತಾಳಕ್ಕೂ ಇಂಥದೇ ಗತಿ ಒದಗಿತು. 1870ರಲ್ಲಿ ರಿಚರ್ಡ್ ಬರ್ಟನ್ ಈ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಪುಸ್ತಕಕ್ಕೆ ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂದು ಹೆಸರಿಟ್ಟ. ವ್ಯಾಂಪೈರ್ ಎಂಬುದು 1730ರ ದಶಕದಲ್ಲಿ ಸರ್ಬಿಯಾದ ಹಳ್ಳಿಗಳಿಂದ ಬಂದ ವರದಿಗಳ ಮೂಲಕ ಇಂಗ್ಲಿಷಿಗೆ ಸೇರಿದ ಪದ. ಗೋರಿಯಿಂದೆದ್ದು ರಕ್ತ ಹೀರುವ ಹೆಣಕ್ಕೆ ಆ ಹೆಸರು. ಹೆಗಲ ಮೇಲೆ ಕುಳಿತು ಧರ್ಮಸೂಕ್ಷ್ಮ ಕೇಳುವ ಬೇತಾಳಕ್ಕೂ ಅದಕ್ಕೂ ಸಾಮ್ಯವಿರುವುದು ಶವದ ಮಟ್ಟಿಗೆ ಮಾತ್ರ.

ಪಿಶಾಚರ ಭಾಷೆಯ ಕಥೆ

ಬೇತಾಳನ ಕಥೆಗಳ ಪ್ರಸಿದ್ಧ ರೂಪ ಇರುವುದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ರಾಣಿ ಸೂರ್ಯಮತಿಯ ಮನರಂಜನೆಗೆಂದು ಸೋಮದೇವ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಗೋದಾವರಿ ದಂಡೆಯ ಪ್ರತಿಷ್ಠಾನ ಅವನ ಊರು. ಅವನು ವಿಕ್ರಮಾದಿತ್ಯನಾದದ್ದು ಇತರ ಪರಂಪರೆಗಳಲ್ಲಿ. ಸೋಮದೇವ ತನ್ನ ಕೃತಿಗೆ ಆಧಾರವೆಂದು ಹೇಳಿಕೊಂಡದ್ದು ಗುಣಾಢ್ಯನ ‘ಬೃಹತ್ಕಥೆ’ಯನ್ನು. ಐತಿಹ್ಯದ ಪ್ರಕಾರ ಅದು ರಚನೆಯಾದದ್ದು ಪೈಶಾಚಿಯಲ್ಲಿ, ಅಂದರೆ ಪಿಶಾಚರ ಭಾಷೆಯಲ್ಲಿ. ಅರಸ ಅದನ್ನು ತಿರಸ್ಕರಿಸಿದಾಗ ಗುಣಾಢ್ಯ ಒಂದೊಂದೇ ಹಾಳೆ ಓದಿ ಬೆಂಕಿಗೆ ಹಾಕುತ್ತ ಹೋದನಂತೆ. ಕಾಡಿನ ಮೃಗಗಳು ಮೇವು ಬಿಟ್ಟು ಕಣ್ಣೀರಿಡುತ್ತ ಕೇಳಿದವಂತೆ. ಏಳು ಲಕ್ಷ ಶ್ಲೋಕಗಳಲ್ಲಿ ಉಳಿದದ್ದು ಒಂದು ಲಕ್ಷ. ಕಥೆ ಉಳಿಯುವುದು ಕೇಳುವವರಿದ್ದಾಗ ಮಾತ್ರ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಕನ್ನಡ ನಾಡಿಗೆ ಈ ಬೃಹತ್ಕಥೆಯ ನಂಟು ಹಳೆಯದು. ಗಂಗರ ದೊರೆ ದುರ್ವಿನೀತ ‘ವಡ್ಡಕಥೆ’ಯನ್ನು ಸಂಸ್ಕೃತಕ್ಕೆ ತಂದನೆಂದು ಗಂಗರ ಶಾಸನಗಳು ಹೇಳುತ್ತವೆ. ಕನ್ನಡ ‘ಪಂಚತಂತ್ರ’ವನ್ನು ಬರೆದ ದುರ್ಗಸಿಂಹನೂ ಗುಣಾಢ್ಯನನ್ನು ನೆನೆಯುತ್ತಾನೆ. ಅಷ್ಟೇಕೆ, ಇಂಗ್ಲಿಷಿನ ನಾವೆಲ್ ಎಂಬುದಕ್ಕೆ ಕನ್ನಡ ಮತ್ತು ಮರಾಠಿ ಆರಿಸಿಕೊಂಡ ‘ಕಾದಂಬರಿ’ ಎಂಬ ಹೆಸರೂ ಒಂದು ಅಲೌಕಿಕ ಕಥೆಯದೇ. ಗಿಳಿ ಹೇಳುವ, ಜನ್ಮಜನ್ಮಾಂತರಗಳನ್ನು ದಾಟುವ ‘ಕಾದಂಬರಿ’ಯನ್ನು ಏಳನೆಯ ಶತಮಾನದ ಬಾಣಭಟ್ಟ ಮುಗಿಸದೆ ತೀರಿಕೊಂಡ, ಮಗ ಅದನ್ನು ಪೂರ್ಣಗೊಳಿಸಿದ. ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಅರ್ಧಕ್ಕೆ ನಿಂತ ಕಥೆಯ ಹೆಸರೇ ಒಂದು ಪ್ರಕಾರದ ಹೆಸರಾದದ್ದು ಸ್ವಾರಸ್ಯಕರ. ಎಡೆಬಿಡದೆ ಹರಿಯುವ ಧಾರೆಯೇ ‘ಧಾರಾವಾಹಿ’. ಆದರೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬರುವ ಧಾರಾವಾಹಿಯ ಬಲವಿರುವುದು ಆ ಧಾರೆ ತಡೆದು ನಿಲ್ಲುವ ಜಾಗದಲ್ಲಿ. ಓದುಗ ಯೋಚಿಸತೊಡಗುವುದು ಅಲ್ಲಿಯೇ. ಬೇತಾಳ ಪ್ರಶ್ನೆ ಕೇಳಿ ನಿಲ್ಲುವುದೂ ಅಲ್ಲಿಯೇ.

ಗಂಡ ಯಾರು, ತಂದೆ ಯಾರು?

ಮಂದಾರವತಿಯ ಕಥೆಯನ್ನು ನೋಡಬಹುದು. ಆಕೆಯನ್ನು ಬಯಸಿ ಮೂವರು ತರುಣರು ಬರುತ್ತಾರೆ. ಅಷ್ಟರಲ್ಲಿ ಆಕೆ ಜ್ವರದಿಂದ ಸಾಯುತ್ತಾಳೆ. ಒಬ್ಬ ಆಕೆಯ ಚಿತಾಭಸ್ಮದ ಮೇಲೆಯೇ ಮಲಗಿ ಸ್ಮಶಾನದಲ್ಲಿ ಉಳಿಯುತ್ತಾನೆ. ಇನ್ನೊಬ್ಬ ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ. ಮೂರನೆಯವನು ಊರೂರು ಅಲೆದು ಸತ್ತವರನ್ನು ಬದುಕಿಸುವ ಮಂತ್ರ ಕಲಿತು ಬಂದು ಆಕೆಯನ್ನು ಎಬ್ಬಿಸುತ್ತಾನೆ. ಈಗ ಆಕೆ ಯಾರ ಹೆಂಡತಿ?

ರಾಜನ ಉತ್ತರ ಪದಗಳನ್ನು ತೂಗಿ ನೋಡಿದಂತಿದೆ. ಜೀವ ಕೊಟ್ಟವನು ತಂದೆ. ಅಸ್ಥಿಯನ್ನು ಗಂಗೆಗೆ ಒಯ್ದವನು ಮಗ. ಬೂದಿಯನ್ನೂ ಅಗಲದೆ ಜೊತೆಗಿದ್ದವನು ಗಂಡ. ಸಂಬಂಧವಾಚಕಗಳಿಗೆ ರಾಜ ಹುಟ್ಟಿನಿಂದಲ್ಲ, ನಡೆಯಿಂದ ಅರ್ಥ ಕೊಡುತ್ತಾನೆ. ನರಕದಿಂದ ತಾರಿಸುವವನು ‘ಪುತ್ರ’, ಭರಿಸುವವನು ‘ಭರ್ತೃ’ ಎಂಬ ಹಳೆಯ ನಿರ್ವಚನಗಳ ಜಾಡೂ ಇದೇ. ಕನ್ನಡದ ‘ಗಂಡ’ ಮಾತ್ರ ಬೇರೆ ದಾರಿಯದು. ಅದರ ಹಿಂದಿರುವುದು ಗಂಡು, ಶೂರ, ಮಣಿಸುವವನು ಎಂಬ ಅರ್ಥ. ವಿಜಯನಗರದ ಅರಸರ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿನಲ್ಲಿ ಆ ಅರ್ಥ ಉಳಿದುಕೊಂಡಿದೆ. ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ದಂಡಿಸುವವನು ಎಂಬುದು ಅದರ ತಾತ್ಪರ್ಯ.

ಇನ್ನೊಂದು ಕಥೆಯಲ್ಲಿ ಮದನಸುಂದರಿಯ ಗಂಡನೂ ಅಣ್ಣನೂ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ದೇವಿ ವರವಿತ್ತಾಗ ಆಕೆ ಗಡಿಬಿಡಿಯಲ್ಲಿ ತಲೆಗಳನ್ನು ಅದಲುಬದಲು ಜೋಡಿಸುತ್ತಾಳೆ. ಇಬ್ಬರಲ್ಲಿ ಗಂಡ ಯಾರು? ತಲೆಯೇ ಅಂಗಗಳಲ್ಲಿ ಶ್ರೇಷ್ಠ, ಆದ್ದರಿಂದ ಗಂಡನ ತಲೆಯಿರುವವನೇ ಗಂಡ ಎಂದು ರಾಜ ತೀರ್ಪು ಕೊಡುತ್ತಾನೆ. ಬೇತಾಳ ಮರಕ್ಕೆ ಹಾರುತ್ತದೆ.

ಉತ್ತರವನ್ನು ಒಪ್ಪದ ಓದುಗರು

ಆದರೆ ಓದುಗರೆಲ್ಲ ರಾಜನ ತೀರ್ಪಿಗೆ ತಲೆಬಾಗಲಿಲ್ಲ. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಪ್ರಕಟಿಸಿದ ಕಿರುಕಾದಂಬರಿಯಲ್ಲಿ ಇದೇ ತಲೆಗಳ ಕಥೆಯನ್ನು ಎತ್ತಿಕೊಂಡು, ತೀರ್ಪಿನ ನಂತರ ಏನಾಯಿತು ಎಂದು ಕೇಳಿದ. ಗಿರೀಶ ಕಾರ್ನಾಡರ ‘ಹಯವದನ’ (1971) ಆ ಪ್ರಶ್ನೆಯನ್ನು ಕನ್ನಡ ರಂಗಭೂಮಿಗೆ ತಂದಿತು. ದೇವದತ್ತನ ತಲೆ, ಕಪಿಲನ ಮೈ. ತಲೆಯೇ ಗೆದ್ದಿತೆಂದು ಒಪ್ಪಿದ ಮೇಲೂ ಮೈಯ ನೆನಪುಗಳು ಎಲ್ಲಿ ಹೋಗಬೇಕು? ರಾಜ ಮಾತು ಮುಗಿಸಿದಲ್ಲಿ ಪದ್ಮಿನಿಯ ಸಂಕಟ ಆರಂಭವಾಗುತ್ತದೆ. ಬೇತಾಳದ ಪ್ರಶ್ನೆಗೆ ಕನ್ನಡದ ಓದುಗನೊಬ್ಬ ಬರೆದ ಅತ್ಯಂತ ದೀರ್ಘ ಉತ್ತರವೆಂದು ಈ ನಾಟಕವನ್ನು ನೋಡಲು ಅಡ್ಡಿಯಿಲ್ಲ.

ಸಾಮಾನ್ಯ ಓದುಗರಿಗೆ ಆ ಅವಕಾಶ ಕೊಟ್ಟದ್ದು ‘ಚಂದಮಾಮ’. 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ ಮುಂದೆ ಕನ್ನಡಕ್ಕೂ ಬಂದ ಈ ಮಾಸಿಕ ಬೇತಾಳ ಕಥೆಗಳನ್ನು ಇಪ್ಪತ್ತೈದಕ್ಕೆ ನಿಲ್ಲಿಸಲಿಲ್ಲ. ಅದೇ ಚೌಕಟ್ಟಿನೊಳಗೆ ನೂರಾರು ಹೊಸ ಕಥೆಗಳನ್ನು ದಶಕಗಳ ಕಾಲ ಹೆಣೆಯಿತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ರಾಜನ ಚಿತ್ರ ಬರೆದ ಕಲಾವಿದ ಶಂಕರ್ 2020ರಲ್ಲಿ ನಿಧನರಾದರು. 1985ರಲ್ಲಿ ದೂರದರ್ಶನದ ‘ವಿಕ್ರಮ್ ಔರ್ ಬೇತಾಲ್’ ಅದೇ ಕಥೆಗಳನ್ನು ಮನೆಮನೆಯ ಪರದೆಗೆ ತಂದಿತು.

ಚಂದಮಾಮದಲ್ಲಿ ಬೇತಾಳದ ಪ್ರಶ್ನೆಗೂ ರಾಜನ ಉತ್ತರಕ್ಕೂ ನಡುವೆ ಇರುತ್ತಿದ್ದುದು ಒಂದೆರಡು ಸಾಲುಗಳ ಅಂತರ. ಪುಟದ ಮೇಲೆ ಕೈಯಿಟ್ಟು, ಉತ್ತರವನ್ನು ಮರೆಮಾಡಿ, ‘ಈಗ ನೀನೇ ಹೇಳು’ ಎಂದು ಕೇಳುವ ಹಿರಿಯರಿದ್ದ ಮನೆಯಲ್ಲಿ ಆ ಅಂತರ ಇಡೀ ಸಂಜೆಯ ವಾದಕ್ಕೆ ಸಾಕಾಗುತ್ತಿತ್ತು. ಪತ್ರಿಕೆ 2010ರ ದಶಕದಲ್ಲಿ ನಿಂತುಹೋಯಿತು. ಕಥೆಗಳು ಬೇರೆ ರೂಪಗಳಲ್ಲಿ ಇನ್ನೂ ಸಿಗುತ್ತವೆ. ಕೈಯಿಟ್ಟು ಮರೆಮಾಡುವ ಆ ಎರಡು ಸಾಲುಗಳ ಬಿಡುವು ಮಾತ್ರ ಸುಲಭವಾಗಿ ಸಿಗುವುದಿಲ್ಲ.

ಪದ ಸಿಗದ ಪ್ರಶ್ನೆ

ಕೊನೆಗೆ ರಾಜ ಮೌನವಾಗುವ ಕಥೆ. ರಾಜ್ಯ ಕಳೆದುಕೊಂಡ ರಾಣಿ ಮತ್ತು ಅವಳ ಮಗಳು ಕಾಡಿನಲ್ಲಿ ನಡೆಯುತ್ತಿದ್ದಾರೆ. ಬೇಟೆಗೆ ಬಂದ ತಂದೆಮಗ ಇಬ್ಬರು ಅವರ ಹೆಜ್ಜೆಗುರುತು ಕಂಡು ಒಪ್ಪಂದ ಮಾಡಿಕೊಳ್ಳುತ್ತಾರೆ: ದೊಡ್ಡ ಹೆಜ್ಜೆಯವಳು ತಾಯಿಯಿರಬೇಕು, ಅವಳು ತಂದೆಗೆ; ಸಣ್ಣ ಹೆಜ್ಜೆಯವಳು ಮಗನಿಗೆ. ಹತ್ತಿರ ಹೋಗಿ ನೋಡಿದರೆ ದೊಡ್ಡ ಹೆಜ್ಜೆ ಮಗಳದು! ಕೊಟ್ಟ ಮಾತಿಗೆ ತಪ್ಪುವಂತಿಲ್ಲ. ತಂದೆ ಮಗಳನ್ನು, ಮಗ ತಾಯಿಯನ್ನು ಮದುವೆಯಾಗುತ್ತಾರೆ. ಎರಡೂ ಜೋಡಿಗೆ ಮಕ್ಕಳಾಗುತ್ತವೆ. ಆ ಮಕ್ಕಳು ಪರಸ್ಪರ ಏನಾಗಬೇಕು?

ಕನ್ನಡದಲ್ಲಿ ಲೆಕ್ಕ ಹಾಕಿ ನೋಡಬಹುದು. ಇಬ್ಬರೂ ಗಂಡುಮಕ್ಕಳೆಂದು ಇಟ್ಟುಕೊಳ್ಳೋಣ. ತಂದೆಗೆ ಹುಟ್ಟಿದವನು ಆ ಮಗನಿಗೆ ತಮ್ಮ. ಆದ್ದರಿಂದ ಮಗನ ಕೂಸಿಗೆ ಅವನು ಚಿಕ್ಕಪ್ಪ. ಮಗನ ಕೂಸಾದರೋ ರಾಣಿಯ ಹೊಟ್ಟೆಯಲ್ಲಿ ಹುಟ್ಟಿದ್ದರಿಂದ ಆ ಮಗಳಿಗೆ ತಮ್ಮ. ಆದ್ದರಿಂದ ಅವಳ ಕೂಸಿಗೆ ಸೋದರಮಾವ. ಹಾಗಾದರೆ ಒಬ್ಬನು ಚಿಕ್ಕಪ್ಪ, ಇನ್ನೊಬ್ಬನು ಸೋದರಮಾವ. ಇಬ್ಬರೂ ಒಬ್ಬರಿಗೊಬ್ಬರು ಹಿರಿಯರು, ಇಬ್ಬರೂ ಒಬ್ಬರಿಗೊಬ್ಬರು ಕಿರಿಯರು. ತಂದೆಯ ಕಡೆಗೊಂದು, ತಾಯಿಯ ಕಡೆಗೊಂದು ಎಂದು ನಂಟನ್ನು ಬಿಡಿಸಿ ಹೆಸರಿಸುವ ಕನ್ನಡದಲ್ಲಿಯೂ ಈ ಎರಡನ್ನೂ ಒಟ್ಟಿಗೆ ಹೊರುವ ಒಂದು ಪದವಿಲ್ಲ. ಯಾರು ಯಾರ ಕಾಲಿಗೆ ನಮಸ್ಕರಿಸಬೇಕು?

ಇಲ್ಲಿ ಕನ್ನಡದ ಒಂದು ಪದ ತಾನಾಗಿಯೇ ಎದ್ದು ಬರುತ್ತದೆ. ‘ಭಾಷೆ’ ಎಂದರೆ ನುಡಿಯೂ ಹೌದು, ಕೊಟ್ಟ ಮಾತೂ ಹೌದು. ತಂದೆಮಗ ಭಾಷೆಗೆ ತಪ್ಪಲಿಲ್ಲ. ಆದರೆ ಅವರು ಉಳಿಸಿಕೊಂಡ ಭಾಷೆ, ಭಾಷೆಯೇ ಸೋಲುವ ಜಾಗಕ್ಕೆ ಅವರನ್ನು ತಂದು ನಿಲ್ಲಿಸಿತು. ಹಿಂದುಮುಂದು ನೋಡದೆ ಮಾತು ಕೊಟ್ಟದ್ದರ ಫಲವನ್ನು ಹೊತ್ತವರು ಮಾತು ಕೊಟ್ಟವರಲ್ಲ, ಹೆಸರಿಲ್ಲದ ನಂಟಿನಲ್ಲಿ ಹುಟ್ಟಿದ ಮಕ್ಕಳು.

ರಾಜನಿಗೆ ಉತ್ತರ ತಿಳಿಯಲಿಲ್ಲ. ಮೊದಲ ಬಾರಿಗೆ ಅವನು ಸುಮ್ಮನೆ ಹೆಜ್ಜೆ ಹಾಕಿದ. ಅವನ ತಲೆ ಸಿಡಿಯಲಿಲ್ಲ. ಏಕೆಂದರೆ ಬೇತಾಳದ ಶಾಪವಿದ್ದದ್ದು ತಿಳಿಯದವನಿಗಲ್ಲ, ತಿಳಿದೂ ಬಾಯಿ ಮುಚ್ಚಿಕೊಳ್ಳುವವನಿಗೆ. ಮೆಚ್ಚಿದ ಬೇತಾಳ, ಶವ ತರಲು ಕಳಿಸಿದ ಸನ್ಯಾಸಿ ರಾಜನನ್ನೇ ಬಲಿ ಕೊಡಲಿದ್ದಾನೆಂಬ ಗುಟ್ಟನ್ನು ಬಿಟ್ಟುಕೊಟ್ಟು ಅವನ ಜೀವ ಉಳಿಸಿತು.

ಹೆದರಿಸಬೇಕಾದ ಬೇತಾಳ ಕಾಪಾಡಿತು. ಹರಸಬೇಕಾದ ಸನ್ಯಾಸಿ ಕೊಲ್ಲಲು ಹೊಂಚು ಹಾಕಿದ್ದ. ದೈವದಿಂದ ದೆವ್ವ ಹುಟ್ಟಿದ ನುಡಿಯಲ್ಲಿ ಇದು ವಿಪರೀತವೇನಲ್ಲ. ಯಾವ ಹೆಸರಿನ ಹಿಂದೆ ಯಾರಿದ್ದಾರೆಂದು ಕೇಳಿಯೇ ತಿಳಿಯಬೇಕು. ಅದಕ್ಕೇ ಬೇತಾಳ ಇಷ್ಟು ಶತಮಾನಗಳಿಂದ ಕೇಳುತ್ತಲೇ ಬಂದಿದೆ.