ಹೆಬ್ಬೆರಳ ತುದಿಗೆ ಮರಳಿದ ಸ್ಪರ್ಶ

ಬೆಳಗಾವಿಯ ಶಿವಬಸವ ನಗರದ ತಾಂತ್ರಿಕ ಕಾಲೇಜುಗಳಲ್ಲಿ ಕಲಿತವರು ಉದ್ಯಮಬಾಗದ ಯಂತ್ರಗಳ ಮುಂದೆ ನಿಲ್ಲುತ್ತಾರೆ. ಖಾನಾಪುರದ ಕುಂಬಾರರು ಮಣ್ಣು ತಿದ್ದುತ್ತಾರೆ, ರೈತರು ಮೇವು ಕತ್ತರಿಸುತ್ತಾರೆ. ಎಲ್ಲರ ದುಡಿಮೆಯೂ ಹೆಬ್ಬೆರಳನ್ನೇ ನೆಚ್ಚಿದೆ. ಅದರ ತುದಿಗೆಣ್ಣು ಹೋದರೆ ಗಳಿಕೆಯ ಸಾಮರ್ಥ್ಯ ಶೇ 20ರಷ್ಟು ಕುಂದಿತೆಂದು ಕಾರ್ಮಿಕರ ಪರಿಹಾರದ ಕಾನೂನೇ ಲೆಕ್ಕ ಹಾಕುತ್ತದೆ.

ತುದಿ ಜಜ್ಜಿ ಎಲುಬು ಕಂಡಾಗ, ಎಲುಬನ್ನು ಮೊಟಕುಗೊಳಿಸಿ ಹೊಲಿಯುವುದು ಸುಲಭದ ದಾರಿ. ಬೆರಳಿನ ಉದ್ದ ಉಳಿಸಬೇಕೆಂದರೆ ಪಕ್ಕದ ಜೀವಂತ ಚರ್ಮವನ್ನೇ ಸರಿಸಿ ಮುಚ್ಚಬೇಕು. ಇದೇ ಫ್ಲ್ಯಾಪ್ ಶಸ್ತ್ರಚಿಕಿತ್ಸೆ.

ಇದರ ಬೇರು ನಮ್ಮಲ್ಲೇ ಇದೆ. ಮೂಗು ಕಟ್ಟಲು ಕೆನ್ನೆಯ ಚರ್ಮ ಬಳಸುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳಿತ್ತು. 1792ರ ಮೈಸೂರು ಯುದ್ಧದಲ್ಲಿ ಟಿಪ್ಪು ಸೇನೆಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ, ಇಂಗ್ಲಿಷ್ ಪಡೆಯ ಎತ್ತಿನ ಗಾಡಿಯವ ಕವಾಸ್‌ಜಿಗೆ ಇಟ್ಟಿಗೆ ಮಾಡುವ ಜಾತಿಯ ಶಸ್ತ್ರವೈದ್ಯನೊಬ್ಬ ಪುಣೆ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಹುಬ್ಬುಗಳ ನಡುವೆ ಉಳಿಸಿದ ತೊಟ್ಟಿನ ಮೂಲಕ ಆ ಚರ್ಮಕ್ಕೆ ರಕ್ತ ಹರಿಯಿತು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ವರದಿ ಮಾಡಿತು. 1814ರಲ್ಲಿ ಅಲ್ಲಿನ ಜೋಸೆಫ್ ಕಾರ್ಪ್ಯೂ ಅದೇ ಕ್ರಮ ಅನುಸರಿಸಿದರು.

ಆದರೆ ಹೆಬ್ಬೆರಳಿಗೆ ಬರೀ ಹೊದಿಕೆ ಸಾಲದು. ಹೊಟ್ಟೆಯ ಚರ್ಮ ತಂದು ಕೂರಿಸಿದರೆ ಗಾಯ ಮುಚ್ಚುತ್ತದೆ. ಅಂಗಿಯ ಗುಂಡಿ, ಸೂಜಿ, ನಾಣ್ಯ ಮಾತ್ರ ಬೆರಳಿಗೆ ತಿಳಿಯುವುದಿಲ್ಲ. ಸ್ಪರ್ಶವೇ ಮುಖ್ಯವೆಂದು ಪಟ್ಟುಹಿಡಿದವರು ಸ್ವೀಡನ್ನಿನ ಎರಿಕ್ ಮೊಬರ್ಗ್. 1964ರಲ್ಲಿ ಅವರು ವಿವರಿಸಿದ ವಿಧಾನ ಇಂದಿಗೂ ಅವರ ಹೆಸರಿನಲ್ಲೇ ಇದೆ. ಬೆರಳಿನ ಎರಡೂ ಬದಿ ಉದ್ದಕ್ಕೆ ಸೀಳಿ, ಅಂಗೈ ಕಡೆಯ ಚರ್ಮವನ್ನು ಎರಡು ರಕ್ತನಾಳ, ಎರಡು ನರಗಳ ಸಮೇತ ಸ್ನಾಯುರಜ್ಜುವಿನ ಮೇಲಿಂದ ಎತ್ತುತ್ತಾರೆ. ಗೆಣ್ಣನ್ನು ತುಸು ಬಾಗಿಸಿ, ಚರ್ಮವನ್ನು ಮುಂದಕ್ಕೆಳೆದು ಉಗುರಿನಂಚಿಗೆ ಹೊಲಿಯುತ್ತಾರೆ. ಹೆಬ್ಬೆರಳ ಹಿಂಬದಿಗೆ ಪ್ರತ್ಯೇಕ ರಕ್ತ ಪೂರೈಕೆ ಇರುವುದರಿಂದಲೇ ಇದು ಸಾಧ್ಯ. ಸುಮಾರು ಒಂದೂವರೆ ಸೆಂಟಿಮೀಟರ್ ಗಾಯಕ್ಕೆ ಇದು ಸಾಕು. ಅದಕ್ಕಿಂತ ದೊಡ್ಡ ಗಾಯಗಳಿಗೆ ಫ್ರಾನ್ಸಿನ ಗಿ ಫೂಷೆ 1979ರಲ್ಲಿ ತೋರುಬೆರಳ ಹಿಂಬದಿಯ ಚರ್ಮವನ್ನು ನರ-ರಕ್ತನಾಳದೊಂದಿಗೆ ತರುವ ‘ಗಾಳಿಪಟ’ ಫ್ಲ್ಯಾಪ್ ತೋರಿಸಿದರು.

ಈ ವಿದ್ಯೆ ಫಲಿಸಬೇಕಾದರೆ ಮೊದಲ ಗಂಟೆಯ ಉಪಚಾರ ಸರಿಯಿರಬೇಕು. ಗಾಯಕ್ಕೆ ಅರಿಸಿನ, ಕಾಫಿಪುಡಿ, ಸೀಮೆಎಣ್ಣೆ ಹಾಕಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಭಾಗ ಸಿಕ್ಕರೆ ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲಿಡಿ. ತುಂಡಿಗೆ ಐಸ್ ನೇರವಾಗಿ ತಾಗಕೂಡದು. ತಡಮಾಡದೆ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. ಎಲುಬು ಕತ್ತರಿಸಲು ಒಪ್ಪುವ ಮುನ್ನ ಒಂದು ಮಾತು ಕೇಳಿ: ‘ಫ್ಲ್ಯಾಪ್ ಹಾಕಲು ಬರುತ್ತದೆಯೇ?’