ಅರ್ಬುದದ ಶೇಷವನ್ನು ತೋರುವ ಬೆಳಕು

ಸಾಲದ ಶೇಷವನ್ನೂ ಬೆಂಕಿಯ ಶೇಷವನ್ನೂ ರೋಗದ ಶೇಷವನ್ನೂ ಉಳಿಸಬಾರದೆಂಬುದು ಹಿರಿಯರ ಮಾತು. ಅರ್ಬುದ, ಅಂದರೆ ಕ್ಯಾನ್ಸರ್ ರೋಗಕ್ಕೆ ಇದು ಅಕ್ಷರಶಃ ಅನ್ವಯಿಸುತ್ತದೆ. ಗಂಟನ್ನು ಶಸ್ತ್ರಕ್ರಿಯೆಯಿಂದ ತೆಗೆದ ಮೇಲೂ ಅಂಚಿನಲ್ಲಿ ಉಳಿದ ಅತ್ಯಲ್ಪ ಭಾಗವೇ ಬೆಳೆದು ರೋಗ ಮರುಕಳಿಸಬಹುದು. ಹಾಗೆಂದು ಸುತ್ತಲಿನದನ್ನೆಲ್ಲ ಕತ್ತರಿಸುವಂತೆಯೂ ಇಲ್ಲ. ಕರುಳಿನಲ್ಲಾದರೆ ನಾಲ್ಕು ಬೆರಳಿನಷ್ಟು ಹೆಚ್ಚಿಗೆ ತೆಗೆದರೂ ನಡೆದೀತು. ಮೆದುಳಿನಲ್ಲಿ ಎಳ್ಳಷ್ಟು ಹೆಚ್ಚಾದರೂ ಮಾತು ನಿಂತೀತು, ಕೈಯ ಸ್ವಾಧೀನ ತಪ್ಪೀತು.

ಈ ಅಂಚನ್ನು ಗುರುತಿಸಲು ಶಸ್ತ್ರವೈದ್ಯನಿಗೆ ಬಹುಕಾಲದಿಂದ ಇರುವ ಸಾಧನಗಳು ಕಣ್ಣು ಮತ್ತು ಬೆರಳು. ಮುಂಚೆ ತೆಗೆದ ಸ್ಕ್ಯಾನ್ ಚಿತ್ರ ದಾರಿ ತೋರುವುದಾದರೂ, ದೇಹವನ್ನು ತೆರೆದೊಡನೆ ಅಂಗಗಳು ಸ್ಥಾನ ಬದಲಿಸುತ್ತವೆ. ತೆಗೆದ ಭಾಗದ ಅಂಚು ಶುದ್ಧವಾಗಿದೆಯೇ ಎಂಬ ಪೂರ್ಣ ವರದಿ ಪ್ರಯೋಗಾಲಯದಿಂದ ಬರುವುದು ಕೆಲವು ದಿನಗಳ ನಂತರ, ಹೊಲಿಗೆ ಹಾಕಿಯಾದ ಮೇಲೆ. ಶಸ್ತ್ರಕ್ರಿಯೆಯ ನಡುವೆಯೇ ತುಣುಕನ್ನು ಹೆಪ್ಪುಗಟ್ಟಿಸಿ ಪರೀಕ್ಷಿಸುವ ಪದ್ಧತಿಯುಂಟು; ಆದರೆ ಅದು ಕಳುಹಿಸಿದ ತುಣುಕಿನ ವಿಷಯವನ್ನಷ್ಟೇ ಹೇಳಬಲ್ಲದು, ಒಳಗೆ ಉಳಿದುದರ ವಿಷಯವನ್ನಲ್ಲ.

ರೋಗಗ್ರಸ್ತ ಭಾಗವೇ ಹೊಳೆಯುವಂತೆ ಮಾಡಿದರೆ ಹೇಗೆ? ಈ ಯೋಚನೆ ಹಳೆಯದು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಜಾರ್ಜ್ ಮೂರ್ 1947ರಲ್ಲಿಯೇ ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣವನ್ನು ಇದಕ್ಕಾಗಿ ಬಳಸಿದ ವರದಿ ಪ್ರಕಟಿಸಿದರು. ಆದರೆ ಅಂತಹ ಬಣ್ಣಕ್ಕೆ ಗೊತ್ತಾದ ವಿಳಾಸವಿಲ್ಲ. ರಕ್ತನಾಳ ಸೋರುವಲ್ಲೆಲ್ಲ ಅದೂ ಸೋರುತ್ತದೆ. ಬಾವು ಬಂದ ಸ್ಥಳವೂ ಹೊಳೆಯಬಹುದು.

ಮುಂದಿನ ಹೆಜ್ಜೆ ಅಮೈನೋಲೆವುಲಿನಿಕ್ ಆಮ್ಲ. ರೋಗಿಗೆ ಇದನ್ನು ಅರಿವಳಿಕೆಗೆ ಸುಮಾರು ಮೂರು ಗಂಟೆ ಮೊದಲು ಕುಡಿಸುತ್ತಾರೆ. ಉಗ್ರಸ್ವರೂಪದ ಮೆದುಳಿನ ಗಂಟಿನ ಜೀವಕೋಶಗಳಲ್ಲಿ ಇದು ಪ್ರೋಟೋಪಾರ್ಫಿರಿನ್ ಎಂಬ ವಸ್ತುವಾಗಿ ಮಾರ್ಪಟ್ಟು ಶೇಖರವಾಗುತ್ತದೆ. ನೀಲಿ ಬೆಳಕು ಬೀರಿದರೆ ಗಂಟು ಕೆಂಡದಂತೆ ಕೆಂಪಗೆ ತೋರುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಈ ಬೆಳಕಿನ ನೆರವು ಪಡೆದವರಲ್ಲಿ ಶೇಕಡಾ 65 ಮಂದಿಯ ಗಂಟನ್ನು ಪೂರ್ಣವಾಗಿ ತೆಗೆಯಲು ಸಾಧ್ಯವಾಯಿತು. ಸಾಮಾನ್ಯ ಬೆಳಕಿನಲ್ಲಿ ಶೇಕಡಾ 36 ಮಾತ್ರ. ಆರು ತಿಂಗಳ ತನಕ ರೋಗ ಉಲ್ಬಣಿಸದೆ ಇದ್ದವರ ಪ್ರಮಾಣವೂ ಶೇಕಡಾ 21ರಿಂದ 41ಕ್ಕೆ ಏರಿತು. ಒಟ್ಟು ಆಯುಸ್ಸಿನಲ್ಲಿ ಮಾತ್ರ ನಿಶ್ಚಿತವಾದ ಅಂತರ ಕಾಣಲಿಲ್ಲ. ಲಾಭದ ಕಡೆಯ ಅಂಕಿಗಳನ್ನಷ್ಟೇ ಓದಿ ಪುಟ ಮಗುಚಬಾರದು.

ಗುರಿಯನ್ನೇ ಅರಸಿ ಹೋಗುವ ಬಣ್ಣದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಸೊಪ್ಪು, ಬೇಳೆಕಾಳುಗಳಲ್ಲಿರುವ ಫೋಲೇಟ್ ಎಂಬ ಜೀವಸತ್ವ ಕೋಶವಿಭಜನೆಗೆ ಅತ್ಯಗತ್ಯ. ಅಂಡಾಶಯದ ಅರ್ಬುದದ ಕೋಶಗಳು ಸಾಮಾನ್ಯವಾಗಿ ಇದನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ತಮ್ಮ ಮೈಮೇಲೆ ವಿಪರೀತವಾಗಿ ಬೆಳೆಸಿಕೊಂಡಿರುತ್ತವೆ. ಈ ಹಸಿವನ್ನೇ ಬಲೆಯಾಗಿ ಬಳಸಿದವರು ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಮತ್ತು ಅವರ ಸಂಗಡಿಗರು. ಫೋಲೇಟಿಗೆ ಬಣ್ಣದ ಕಣವನ್ನು ಜೋಡಿಸಿದರೆ, ಕೋಶ ಆಹಾರವೆಂದು ಭ್ರಮಿಸಿ ದೀಪವನ್ನೇ ನುಂಗುತ್ತದೆ! ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಇದನ್ನು ರೋಗಿಗಳ ಮೇಲೆ ಪ್ರಯೋಗಿಸಿದ ವರದಿ 2011ರಲ್ಲಿ ಬಂದಿತು. ಆಗಿನ ಬಣ್ಣದ ಬೆಳಕು ಆಳದಿಂದ ಹೊರಬರುತ್ತಿರಲಿಲ್ಲ. ಅನಂತರ ಅವಕೆಂಪಿಗೆ ಸಮೀಪದ ಬೆಳಕನ್ನು ಹೊಮ್ಮಿಸುವ ಬಣ್ಣ ಬಂದಿತು. ಇದು ಬರಿಗಣ್ಣಿಗೆ ಕಾಣದು. ವಿಶೇಷ ಕ್ಯಾಮೆರಾ ಅದನ್ನು ಪರದೆಯ ಮೇಲೆ ಮೂಡಿಸುತ್ತದೆ.

ಪಾಫೋಲಾಸಯಾನಿನ್ ಎಂಬ ಹೆಸರಿನ ಈ ಔಷಧಕ್ಕೆ ಅಮೆರಿಕದಲ್ಲಿ 2021ರ ನವೆಂಬರಿನಲ್ಲಿ ಅಂಡಾಶಯದ ಅರ್ಬುದಕ್ಕಾಗಿಯೂ, 2022ರ ಡಿಸೆಂಬರಿನಲ್ಲಿ ಶ್ವಾಸಕೋಶದ ಗಂಟುಗಳಿಗಾಗಿಯೂ ಮಂಜೂರಾತಿ ದೊರೆಯಿತು. 134 ಮಹಿಳೆಯರನ್ನು ಪರೀಕ್ಷಿಸಿದಾಗ, ಶೇಕಡಾ 26.9 ಮಂದಿಯಲ್ಲಿ ಕಣ್ಣಿಗೂ ಬೆರಳಿಗೂ ಸಿಗದಿದ್ದ ಒಂದಾದರೂ ಅರ್ಬುದದ ತಾಣ ಬೆಳಕಿಗೆ ಬಂದಿತ್ತು.

ಸ್ತನದ ಅರ್ಬುದಕ್ಕಾಗಿ 2024ರ ಏಪ್ರಿಲಿನಲ್ಲಿ ಅಲ್ಲಿಯೇ ಒಪ್ಪಿಗೆ ಪಡೆದ ಪೆಗುಲಿಸಯಾನಿನ್‌ನ ಉಪಾಯ ಬೇರೆ. ಅದು ಬೀಗ ಹಾಕಿದ ದೀಪ. ಗಂಟಿನ ಸುತ್ತ ಹೆಚ್ಚಾಗಿರುವ ಕೆಲವು ಕಿಣ್ವಗಳು ಬೀಗ ತೆರೆದಾಗ ಹೊಳೆಯುತ್ತದೆ. ಅಪರೂಪವಾಗಿ ಇದು ಪ್ರಾಣಾಪಾಯದಂತಹ ಒಗ್ಗದಿಕೆಯನ್ನು ಉಂಟುಮಾಡಬಹುದಾದ್ದರಿಂದ ರೋಗಿಯ ಮೇಲೆ ಎಚ್ಚರದ ನಿಗಾ ಇಡಬೇಕಾಗುತ್ತದೆ.

ಹೊಳೆದುದೆಲ್ಲ ಅರ್ಬುದವಲ್ಲ, ಹೊಳೆಯದುದೆಲ್ಲ ಶುದ್ಧವೂ ಅಲ್ಲ. ಫೋಲೇಟಿನ ಗ್ರಾಹಕಗಳು ಮೂತ್ರಪಿಂಡದಲ್ಲಿ ಸಹಜವಾಗಿಯೇ ಇರುತ್ತವೆ. ಆದುದರಿಂದ ಸೂಕ್ಷ್ಮದರ್ಶಕದ ಕೆಳಗಿನ ಪರೀಕ್ಷೆಯೇ ಇಂದಿಗೂ ಕೊನೆಯ ತೀರ್ಪು. ರೋಗಿಯ ಮನೆಯವರು ತಿಳಿದಿರಬೇಕಾದ ಸಂಗತಿಯೂ ಒಂದುಂಟು. ಫೋಲಿಕ್ ಆಮ್ಲದ ಗುಳಿಗೆ ಸೇವಿಸುತ್ತಿದ್ದರೆ ಗ್ರಾಹಕಗಳು ಅದರಿಂದಲೇ ತುಂಬಿ, ಪಾಫೋಲಾಸಯಾನಿನ್‌ಗೆ ಸ್ಥಳವಿಲ್ಲದಂತಾಗಬಹುದು. ಈ ಔಷಧ ಕೊಡುವ 48 ಗಂಟೆಗಳ ಮೊದಲಿನಿಂದಲೇ ಅಂತಹ ಗುಳಿಗೆಗಳನ್ನು ನಿಲ್ಲಿಸಬೇಕೆಂಬ ಸೂಚನೆಯಿದೆ. ಶಕ್ತಿಗೆಂದು ನುಂಗುವ ವಿಟಮಿನ್ ಗುಳಿಗೆಗಳಲ್ಲಿಯೂ ಅದು ಬೆರೆತಿರುವುದರಿಂದ, ಅವುಗಳ ಹೆಸರನ್ನೂ ವೈದ್ಯರಿಗೆ ಮುಂಚಿತವಾಗಿ ತಿಳಿಸುವುದು ಅವಶ್ಯಕ.