ಶೀರ್ಷಿಕೆಯ ಮೇಲೆ ಬಲಗುಂಡಿ ಒತ್ತಿದಾಗ

ಒಂದು ತರಗತಿಯ ಅಂಕಪಟ್ಟಿ ಕಂಪ್ಯೂಟರಿನ ಪರದೆಯ ಮೇಲಿದೆ ಎಂದುಕೊಳ್ಳಿ. ಮೇಲಿನ ಶೀರ್ಷಿಕೆ ಸಾಲಿನಲ್ಲಿ ಕ್ರಮವಾಗಿ ಹೆಸರು, ಕನ್ನಡ, ಗಣಿತ, ವಿಜ್ಞಾನ ಎಂದಿದೆ. ‘ಗಣಿತ’ದ ಮೇಲೆ ಮೌಸಿನ ಬಲಗುಂಡಿ ಒತ್ತಿದೊಡನೆ ‘ಏರಿಕೆ ಕ್ರಮದಲ್ಲಿ ಜೋಡಿಸು’, ‘ಮರೆಮಾಡು’, ‘ಅಂಕ ಅಳಿಸು’ ಎಂಬ ಪುಟ್ಟ ಮೆನು ಅಲ್ಲೇ ತೆರೆದುಕೊಳ್ಳುತ್ತದೆ. ಬಲಗುಂಡಿಯ ಈ ಬಳಕೆಯನ್ನು ಜನರಿಗೆ ಚೆನ್ನಾಗಿ ರೂಢಿ ಮಾಡಿಸಿದ್ದು 1995ರಲ್ಲಿ ಬಂದ ವಿಂಡೋಸ್ 95.

ಇಂಥ ಮೆನುವನ್ನು ವಿದ್ಯಾರ್ಥಿಗಳೂ ರಚಿಸಬಹುದೇ? ಧಾರಾಳವಾಗಿ. ಜಾವಾ ಭಾಷೆಯನ್ನೇ ತೆಗೆದುಕೊಳ್ಳೋಣ. 1998ರ ಜಾವಾ 1.2ರಿಂದ ಅದರೊಡನೆ ‘ಸ್ವಿಂಗ್’ ಎಂಬ ಸಲಕರಣೆಗಳ ಪೆಟ್ಟಿಗೆಯೂ ಬರುತ್ತದೆ. ಅದರಲ್ಲಿ ಕೋಷ್ಟಕಕ್ಕೆ ‘ಜೆಟೇಬಲ್’, ಮೆನುವಿಗೆ ‘ಜೆಪಾಪಪ್‌ಮೆನು’ ಎಂದು ಹೆಸರು.

ಹೊಸಬರು ಮೆನುವನ್ನು ನೇರವಾಗಿ ಕೋಷ್ಟಕಕ್ಕೆ ಜೋಡಿಸುತ್ತಾರೆ. ಆಗ ಅಂಕಗಳ ಮೇಲೆ ಒತ್ತಿದರೆ ಮೆನು ಬರುತ್ತದೆ, ಶೀರ್ಷಿಕೆಯ ಮೇಲೆ ಒತ್ತಿದರೆ ಬರುವುದಿಲ್ಲ. ಏಕೆಂದರೆ ಡಬ್ಬಿಗೆ ಮುಚ್ಚಳವಿದ್ದಂತೆ, ಶೀರ್ಷಿಕೆ ಸಾಲು ‘ಜೆಟೇಬಲ್‌ಹೆಡರ್’ ಎಂಬ ಬೇರೆಯದೇ ಭಾಗ. ‘ಗೆಟ್‌ಟೇಬಲ್‌ಹೆಡರ್’ ಎಂಬ ಆದೇಶದಿಂದ ಅದನ್ನು ಪಡೆದು, ಮೌಸಿನ ಸುದ್ದಿ ಕೇಳುವ ಭಾಗವನ್ನು ಅದಕ್ಕೇ ಜೋಡಿಸಬೇಕು.

ಎರಡನೆಯದು ಸಮಯದ ಪ್ರಶ್ನೆ. ವಿಂಡೋಸ್‌ನಲ್ಲಿ ಗುಂಡಿಯನ್ನು ಬಿಟ್ಟಾಗ ಮೆನು ತೆರೆಯುವುದು ಪದ್ಧತಿ. ಲಿನಕ್ಸ್, ಮ್ಯಾಕ್‌ಗಳಲ್ಲಿ ಒತ್ತಿದಾಗಲೇ. ಆದ್ದರಿಂದ ‘ಈಸ್‌ಪಾಪಪ್‌ಟ್ರಿಗರ್’ ಎಂಬ ಪರೀಕ್ಷೆಯನ್ನು ಒತ್ತಿದಾಗಲೂ ಬಿಟ್ಟಾಗಲೂ ಮಾಡಬೇಕು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಒತ್ತಿದ್ದು ಯಾವ ಕಂಬಸಾಲು ಎಂಬುದನ್ನು ‘ಕಾಲಮ್‌ಅಟ್‌ಪಾಯಿಂಟ್’ ಹೇಳುತ್ತದೆ. ಆದರೆ ಅದು ಎಣಿಸುವುದು ಪರದೆಯ ಮೇಲೆ ಕಾಣುವ ಕ್ರಮವನ್ನು, ಅದೂ ಸೊನ್ನೆಯಿಂದ. ಬಳಸುವವರು ‘ವಿಜ್ಞಾನ’ವನ್ನು ಎಳೆದು ‘ಹೆಸರಿ’ನ ಪಕ್ಕಕ್ಕೆ ಇಟ್ಟರೆನ್ನಿ. ಈಗ ಅದರ ಸ್ಥಾನ 1. ಒಳಗಿನ ದತ್ತಾಂಶದಲ್ಲಿ ಮಾತ್ರ ಅದು ಇನ್ನೂ 3ರಲ್ಲೇ ಇದೆ. 1ರಲ್ಲಿ ಇರುವುದು ಕನ್ನಡ! ಆಗ ವಿಜ್ಞಾನದ ಮೇಲೆ ಒತ್ತಿ ‘ಅಂಕ ಅಳಿಸು’ ಎಂದರೆ ಇಡೀ ತರಗತಿಯ ಕನ್ನಡದ ಅಂಕಗಳು ಮಾಯವಾಗಬಹುದು. ‘ಕನ್ವರ್ಟ್‌ಕಾಲಮ್‌ಇಂಡೆಕ್ಸ್‌ಟುಮಾಡೆಲ್’ ಎಂಬ ಆದೇಶ 1ನ್ನು 3ಕ್ಕೆ ಬದಲಿಸಿಕೊಟ್ಟು ಈ ಅನಾಹುತ ತಪ್ಪಿಸುತ್ತದೆ.

ಕಂಬಸಾಲುಗಳನ್ನು ಕದಲಿಸದೆ ಪರೀಕ್ಷಿಸಿದರೆ ಈ ದೋಷ ಕಾಣುವುದೇ ಇಲ್ಲ; ಎರಡು ಕ್ರಮಗಳೂ ಆಗ ಒಂದೇ ಆಗಿರುತ್ತವೆ. ಆದ್ದರಿಂದ ಪೋಷಕರೇ, ನಿಮ್ಮ ಮಗನೋ ಮಗಳೋ ತಾನು ಬರೆದ ಪ್ರೋಗ್ರಾಂ ತೋರಿಸಿದಾಗ ಭೇಷ್ ಎನ್ನಿ. ಜೊತೆಗೆ ಒಂದೆರಡು ಕಂಬಸಾಲುಗಳನ್ನು ಅತ್ತಿತ್ತ ಎಳೆದು, ಆಮೇಲೆ ಬಲಗುಂಡಿ ಒತ್ತಿ ನೋಡಿ. ಪ್ರೋಗ್ರಾಮಿಂಗ್ ಬಾರದವರೂ ಮಾಡಬಹುದಾದ ಒಳ್ಳೆಯ ಪರೀಕ್ಷೆ ಇದು.